ನೆಲದ ಮೇಲೆ ಬಂಡಲ್ ಜಾಸ್ತಿ ಇದ್ದಷ್ಟೂ ಡೆಲಿವರಿ ಯಾಕೆ ತಡ?

ಪ್ರಶ್ನೆ: ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಸಣ್ಣ ಜೀನ್ಸ್ ಯೂನಿಟ್ ಇದೆ. 24 ಮೆಷಿನ್. ದಿನಕ್ಕೆ ಸರಾಸರಿ 300 ಪ್ಯಾಂಟ್ ಪ್ಯಾಕ್ ಆಗಿ ಹೊರಗೆ ಹೋಗುತ್ತವೆ. ಟೈಲರ್‌ಗಳು ಕೈಖಾಲಿ ಕೂರಬಾರದು ಅಂತ ಕಟಿಂಗ್ ಯಾವಾಗಲೂ ಮುಂದೆ ಓಡಿಸುತ್ತೇನೆ. ಒಂದು ತಿಂಗಳು ದಿನಾ ಎಣಿಸಿ ಸರಾಸರಿ ತೆಗೆದೆ. ಕಟಿಂಗ್ ಆಗಿ ಕಾಯುತ್ತಿರುವುದು 1,500 ಪೀಸ್, ಹೊಲಿಗೆಯಲ್ಲಿ 1,200, ವಾಷಿಂಗ್‌ಗೆ ಹೋಗಲು ಕಾದಿರುವುದು 900, ವಾಷಿಂಗ್ ಯೂನಿಟ್‌ನಲ್ಲಿ 600, ಫಿನಿಶಿಂಗ್‌ನಲ್ಲಿ 300. ಗಾಡಿ ಶನಿವಾರ ಸಂಜೆ ವಾಷಿಂಗ್‌ಗೆ ಹೋಗುತ್ತದೆ. ಒಂದು ಆರ್ಡರ್ ಮುಗಿಯಲು ಹದಿನೈದು ದಿನ ಬೇಕು. ಹೈದರಾಬಾದಿನ ವ್ಯಾಪಾರಿ ಎಂಟು ದಿನಕ್ಕೆ ಕೊಡಿ ಅನ್ನುತ್ತಿದ್ದಾರೆ. ಸೊಂಟದ ಪಟ್ಟಿ ಹೊಲಿಯುವ ಬೆಲ್ಟ್ ಮೆಷಿನ್ ಇನ್ನೊಂದು ತಗೊಳ್ಳಲೇ? ಮಾಲು ಕಮ್ಮಿ ಮಾಡಿ ಅಂತ ಒಬ್ಬರು ಹೇಳಿದರು. ಮಾಲು ಕಮ್ಮಿಯಾದರೆ ಉತ್ಪಾದನೆ ಬೀಳುವುದಿಲ್ಲವೇ?

ಉತ್ತರ: ಮೊದಲಿಗೆ, ಎಣಿಸಿದ್ದಕ್ಕೆ ಶಹಬ್ಬಾಸ್. ಎಷ್ಟೋ ಯೂನಿಟ್‌ಗಳಲ್ಲಿ ಮಾಲೀಕರನ್ನು ಕೇಳಿದರೆ "ಅಲ್ಲೆಲ್ಲಾ ಇದೆ ನೋಡಿ" ಅಂತ ಕೈ ತೋರಿಸುತ್ತಾರೆಯೇ ಹೊರತು ಎಷ್ಟು ಅಂತ ಹೇಳುವುದಿಲ್ಲ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ನಿಮ್ಮ ಎಣಿಕೆಯಲ್ಲೇ ಇದೆ.

ಐದೂ ಸಂಖ್ಯೆ ಕೂಡಿಸಿ. 4,500 ಪೀಸ್ ಆಗುತ್ತದೆ. ಅದನ್ನು ದಿನದ 300ರಿಂದ ಭಾಗಿಸಿ. 15 ದಿನ. ನೀವು ಅನುಭವದಿಂದ ಹೇಳಿದ ಹದಿನೈದು ದಿನವೂ ಇದೇ. ಇದು ಕಾಕತಾಳೀಯ ಅಲ್ಲ. ಒಳಗಿರುವ ಮಾಲನ್ನು ದಿನಕ್ಕೆ ಹೊರಗೆ ಹೋಗುವ ಮಾಲಿನಿಂದ ಭಾಗಿಸಿದರೆ, ಒಂದು ಪೀಸ್ ಒಳಗೆ ಕಳೆಯುವ ಸರಾಸರಿ ಸಮಯ ಸಿಗುತ್ತದೆ. ಇದಕ್ಕೆ ಲಿಟಲ್ಸ್ ಲಾ ಅಂತ ಹೆಸರು. ಅಮೆರಿಕದ ಜಾನ್ ಲಿಟಲ್ ಎಂಬುವರು 1961ರಲ್ಲಿ ಇದಕ್ಕೆ ಗಣಿತದ ಪುರಾವೆ ಕೊಟ್ಟರು. ಅವರು ಮುಂದೆ ಎಂಐಟಿಯಲ್ಲಿ ಬಹಳ ವರ್ಷ ಪಾಠ ಮಾಡಿದರು.

ನಮ್ಮ ಕಡೆಯವರಿಗೆ ಇದನ್ನು ತುಂಗಭದ್ರಾ ಡ್ಯಾಮಿನಿಂದ ಹೇಳುವುದು ಸುಲಭ. ಟಿಎಂಸಿ, ಕ್ಯುಸೆಕ್ ಲೆಕ್ಕ ಚಹಾದಂಗಡಿಯಲ್ಲೂ ನಡೆಯುತ್ತದಲ್ವಾ? ಡ್ಯಾಮಿನಲ್ಲಿ 100 ಟಿಎಂಸಿ ನೀರಿದೆ ಅಂದುಕೊಳ್ಳಿ. ದಿನಕ್ಕೆ ಒಂದು ಟಿಎಂಸಿ, ಅಂದರೆ ಸುಮಾರು 11,500 ಕ್ಯುಸೆಕ್, ಒಳಗೆ ಬರುತ್ತಿದೆ. ಅಷ್ಟೇ ಹೊರಗೂ ಹೋಗುತ್ತಿದೆ. ಇವತ್ತು ಬಂದ ನೀರು ಕಾಲುವೆಗೆ ಇಳಿಯಲು ಸರಾಸರಿ 100 ದಿನ. ಅದೇ ಡ್ಯಾಮಿನಲ್ಲಿ 30 ಟಿಎಂಸಿ ಮಾತ್ರ ಇದ್ದು, ಒಳಹರಿವು ಹೊರಹರಿವು ಅಷ್ಟೇ ಇದ್ದರೆ 30 ದಿನ. ಎರಡೂ ಸಲ ಕಾಲುವೆಗೆ ಹೋಗುವ ನೀರು ಒಂದೇ. ಮಾಲು ಕಮ್ಮಿಯಾದರೆ ಉತ್ಪಾದನೆ ಬೀಳುತ್ತದಾ ಅಂತ ನೀವು ಕೇಳಿದ್ದಕ್ಕೆ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. ಒಂದು ಮಟ್ಟದವರೆಗೆ ಬೀಳುವುದಿಲ್ಲ. ಆ ಮಟ್ಟ ಎಲ್ಲಿದೆ ಅಂತ ಕಂಡುಹಿಡಿಯುವುದೇ ಕೆಲಸ.

ಈ ಲೆಕ್ಕದ ಚಂದ ಏನೆಂದರೆ, ಮಾಲು ಯಾವ ಸರದಿಯಲ್ಲಿ ಹೋಗುತ್ತದೆ, ದಿನದಿಂದ ದಿನಕ್ಕೆ ಎಷ್ಟು ಏರುಪೇರಾಗುತ್ತದೆ ಅನ್ನುವುದು ಇದಕ್ಕೆ ಬೇಕಿಲ್ಲ. ಬೇಕಾದದ್ದು ಇಷ್ಟೇ: ಸಾಕಷ್ಟು ದಿನದ ಸರಾಸರಿ ತಗೊಳ್ಳಬೇಕು, ಒಳಗೆ ಹೋದದ್ದು ಒಂದಲ್ಲ ಒಂದು ದಿನ ಹೊರಗೆ ಬರಬೇಕು, ಮಾಲನ್ನೂ ಉತ್ಪಾದನೆಯನ್ನೂ ಒಂದೇ ಅಳತೆಯಲ್ಲಿ ಎಣಿಸಬೇಕು. ಒಂದು ಕಡೆ ಬಂಡಲ್, ಇನ್ನೊಂದು ಕಡೆ ಪೀಸ್ ಅಂತ ಎಣಿಸಿದರೆ ಆಗದು. ಸರಾಸರಿ ಅನ್ನುವ ಮಾತನ್ನೂ ಮರೆಯಬೇಡಿ. ಪರಿಚಯದವರ ಆರ್ಡರ್ ಅಂತ ಒಂದನ್ನು ಮುಂದೆ ತಳ್ಳಿ ಐದು ದಿನಕ್ಕೆ ಕೊಟ್ಟರೆ, ಉಳಿಸಿದ ಆ ಹತ್ತು ದಿನ ಬೇರೆ ಯಾರದೋ ಆರ್ಡರ್‌ಗೆ ಬೀಳುತ್ತದೆ. ಸರಾಸರಿ ಕದಲುವುದಿಲ್ಲ. "ಅರ್ಜೆಂಟ್" ಅಂತ ಕೆಂಪು ಚೀಟಿ ಅಂಟಿಸುವುದರಿಂದ ಯೂನಿಟ್ ವೇಗ ಆಗುವುದಿಲ್ಲ ಅನ್ನುವುದಕ್ಕೆ ಇದೇ ಕಾರಣ.

ಇದನ್ನು ಒಂದೊಂದು ವಿಭಾಗಕ್ಕೂ ಹಾಕಬಹುದು. ಕಟಿಂಗ್ ಆಗಿ ಕಾಯುವುದು 5 ದಿನ, ಹೊಲಿಗೆ 4 ದಿನ, ಗಾಡಿಗೆ ಕಾಯುವುದು 3, ವಾಷಿಂಗ್ 2, ಫಿನಿಶಿಂಗ್ 1. ಈಗ ಇನ್ನೊಂದು ಲೆಕ್ಕ ನೋಡಿ. ಒಂದು ಐದು ಜೇಬಿನ ಪ್ಯಾಂಟಿಗೆ ನಿಜವಾಗಿ ಬೇಕಾಗುವ ಹೊಲಿಗೆ ಎಷ್ಟು? ಜೇಬು, ಯೋಕ್ (ಹಿಂಭಾಗದಲ್ಲಿ ಸೊಂಟದ ಕೆಳಗಿನ ತುಂಡು), ಜಿಪ್, ಸೈಡ್, ಬೆಲ್ಟ್, ಬಾಟಮ್, ಲೂಪ್, ಬಾರ್ಟ್ಯಾಕ್ (ಜೇಬಿನ ಮೂಲೆಯಂಥ ಕಡೆ ಹಾಕುವ ಗಟ್ಟಿ ಹೊಲಿಗೆ) ಎಲ್ಲಾ ಸೇರಿ ಸುಮಾರು 20 ನಿಮಿಷ. ಆ 20 ನಿಮಿಷದ ಕೆಲಸಕ್ಕೆ ಪ್ಯಾಂಟು ಹೊಲಿಗೆ ವಿಭಾಗದಲ್ಲಿ ನಾಲ್ಕು ದಿನ ಇರುತ್ತದೆ. ಅದಕ್ಕೂ ಮೊದಲು ಐದು ದಿನ ಮೂಲೆಯಲ್ಲಿ ಬಿದ್ದಿರುತ್ತದೆ. ಟೈಲರ್‌ಗೆ ಬಿಡುವಿಲ್ಲ, ಪ್ಯಾಂಟಿಗೆ ಮಾತ್ರ ಬರೀ ಬಿಡುವು.

ಹಾಗಾದರೆ ಎಲ್ಲಿಯವರೆಗೆ ಇಳಿಸಬಹುದು? ಇಲ್ಲಿ ಬಂಡಲ್ ಸೈಜು ಮುಖ್ಯ. ನೀವು ಬರೆದಿಲ್ಲ, ಆದರೆ 30 ಪೀಸಿನ ಬಂಡಲ್ ಕಟ್ಟುತ್ತೀರಿ ಅಂದುಕೊಳ್ಳುತ್ತೇನೆ. ಒಬ್ಬ ಟೈಲರ್ ಬಂಡಲಿನ 30 ಪೀಸನ್ನೂ ಮುಗಿಸಿದ ಮೇಲೆಯೇ ಅದು ಮುಂದಿನ ಮೆಷಿನ್‌ಗೆ ಹೋಗುತ್ತದೆ. ಅಂದರೆ ಮೊದಲ ಪೀಸು ತನ್ನ ಹಿಂದಿನ 29 ಪೀಸಿಗಾಗಿ ಕಾಯಬೇಕು. ಪ್ರತಿ ಮೆಷಿನ್ ಹತ್ತಿರವೂ ಇದೇ ಕಥೆ. ಎಲ್ಲೂ ಸರದಿ ಇಲ್ಲ ಅಂತಿಟ್ಟುಕೊಂಡರೂ ಒಂದು ಬಂಡಲ್ ಹೊರಗೆ ಬರಲು 30 ಗುಣಿಸು 20, ಅಂದರೆ 600 ನಿಮಿಷ ಬೇಕು. ಹತ್ತು ತಾಸು, ಎಂಟು ತಾಸಿನ ದಿನದ ಲೆಕ್ಕದಲ್ಲಿ ಒಂದೂಕಾಲು ದಿನ. ಮುಂಭಾಗ ಹಿಂಭಾಗ ಬೇರೆ ಬೇರೆ ಹೊಲಿಯುವುದರಿಂದ ಸ್ವಲ್ಪ ಕಮ್ಮಿಯಾಗಬಹುದು. ದಿನಕ್ಕೆ 300ರಂತೆ ಒಂದೂಕಾಲು ದಿನಕ್ಕೆ 375 ಪೀಸ್. ಹೊಲಿಗೆ ವಿಭಾಗದಲ್ಲಿ ಇದಕ್ಕಿಂತ ಕಮ್ಮಿ ಮಾಲು ಇಟ್ಟರೆ ನಿಮ್ಮ ಭಯ ನಿಜವಾಗುತ್ತದೆ. ಮೆಷಿನ್ ಖಾಲಿ ಬೀಳುತ್ತದೆ, 300 ಪೀಸ್ ಬರುವುದಿಲ್ಲ. ಬಂಡಲನ್ನು 15ಕ್ಕೆ ಇಳಿಸಿದರೆ ಈ ತಳಮಟ್ಟವೂ ಅರ್ಧಕ್ಕೆ ಇಳಿಯುತ್ತದೆ. ಆದರೆ ಬಂಡಲ್ ಬಿಚ್ಚಿ ಕಟ್ಟುವ ಕೆಲಸ ಹೆಚ್ಚುತ್ತದೆ. ಮೊದಲು 30ರಲ್ಲೇ ಮಾಲು ಇಳಿಸಿ ನೋಡಿ, ಬಂಡಲ್ ಸೈಜಿಗೆ ಆಮೇಲೆ ಕೈ ಹಾಕಿ.

375 ಅನ್ನುವುದು ಕಾಗದದ ಲೆಕ್ಕ. ಕರೆಂಟ್ ಹೋಗುತ್ತದೆ. ಬಾರ್ಟ್ಯಾಕ್ ಮೆಷಿನ್ ಕೈ ಕೊಡುತ್ತದೆ. ಜಾತ್ರೆಗೆ ಹೋದ ಟೈಲರ್ ಎರಡು ದಿನ ತಡವಾಗಿ ಬರುತ್ತಾನೆ. ಈ ಏರುಪೇರು ನುಂಗಲು ಸ್ವಲ್ಪ ಹೆಚ್ಚಿಗೆ ಮಾಲು ಬೇಕೇ ಬೇಕು. ನಾನಾದರೆ ಹೊಲಿಗೆಗೆ 600 ಇಡುತ್ತೇನೆ. ಅಂದರೆ 2 ದಿನ. ಈಗಿನ 1,200ರ ಅರ್ಧ. ಕಟಿಂಗ್ ಆಗಿ ಕಾಯಲು ಒಂದು ದಿನದ್ದು ಸಾಕು, 300. ಐದು ದಿನದ ಕಟಿಂಗ್ ಮುಂದೆ ಇಟ್ಟುಕೊಳ್ಳಲು ನನಗೆ ಯಾವ ಕಾರಣವೂ ಕಾಣಲಿಲ್ಲ, "ಇರಲಿ" ಅನ್ನುವುದೊಂದನ್ನು ಬಿಟ್ಟರೆ.

ಇನ್ನು ಆ ಶನಿವಾರದ ಗಾಡಿ. ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದ ಸಾಲು ಅದು, ಯಾಕೆಂದರೆ ಮೂರು ವಿಭಾಗದ ಸಂಖ್ಯೆಗಳು ಅದೊಂದರಿಂದಲೇ ಹುಟ್ಟಿವೆ. ವಾರಕ್ಕೆ ಆರು ದಿನ, ದಿನಕ್ಕೆ 300. ಶನಿವಾರ ಸಂಜೆಗೆ 1,800 ಪೀಸ್ ಆಗುತ್ತದೆ. ಸೋಮವಾರ ಹೊಲಿದ ಪ್ಯಾಂಟು ಐದಾರು ದಿನ ಕಾಯುತ್ತದೆ, ಶನಿವಾರದ್ದು ಹೆಚ್ಚು ಕಮ್ಮಿ ಕಾಯುವುದೇ ಇಲ್ಲ. ಸರಾಸರಿ 3 ದಿನ, 900 ಪೀಸ್. ನೀವು ಎಣಿಸಿದ್ದೂ ಅಷ್ಟೇ. 1,800 ಪೀಸ್ ಎರಡು ದಿನ ವಾಷಿಂಗ್‌ನಲ್ಲಿದ್ದು ನಾಲ್ಕು ದಿನ ಇಲ್ಲದಿದ್ದರೆ ವಾರದ ಸರಾಸರಿ 600. ಅದೂ ಸರಿಹೋಯಿತು. ಮಂಗಳವಾರ ಸಂಜೆ ಅಷ್ಟೂ ಒಮ್ಮೆಲೇ ವಾಪಸ್ ಬಂದು ಫಿನಿಶಿಂಗ್ ಮೇಲೆ ಬೀಳುತ್ತದೆ. ನಿಮ್ಮ 300ರ ಸರಾಸರಿ ಸರಿಯಿದ್ದರೆ, ಗುಂಡಿ, ರಿವೆಟ್, ದಾರ ಕತ್ತರಿಸುವುದು, ಇಸ್ತ್ರಿ, ಪ್ಯಾಕಿಂಗ್ ಎಲ್ಲಾ ಬುಧವಾರ ಗುರುವಾರ ಎರಡೇ ದಿನದಲ್ಲಿ ಮುಗಿಯುತ್ತಿರಬೇಕು. ಆ ಎರಡು ದಿನ ಫಿನಿಶಿಂಗ್ ಹೆಣ್ಣುಮಕ್ಕಳು ರಾತ್ರಿಯವರೆಗೂ ನಿಂತಿರುತ್ತಾರೆ, ಉಳಿದ ದಿನ ಅವರಿಗೆ ಏನು ಕೆಲಸ ಕೊಡುವುದು ಅಂತ ನೀವು ಹುಡುಕುತ್ತಿರುತ್ತೀರಿ. ಹೌದೋ ಅಲ್ವೋ?

ಗಾಡಿಯನ್ನು ವಾರಕ್ಕೆ ಎರಡು ಸಲ ಕಳಿಸಿ, ಬುಧವಾರ ಮತ್ತು ಶನಿವಾರ. ಒಂದು ಸಲಕ್ಕೆ 900 ಪೀಸ್. ಗಾಡಿಗೆ ಕಾಯುವುದು ಒಂದೂವರೆ ದಿನಕ್ಕೆ ಇಳಿಯುತ್ತದೆ, 450 ಪೀಸ್. ವಾಷಿಂಗ್ ಎರಡೇ ದಿನ ಅಂತ ಇಟ್ಟುಕೊಳ್ಳೋಣ, ಅದು ನಿಮ್ಮ ಕೈಯಲ್ಲಿಲ್ಲ. ಫಿನಿಶಿಂಗ್‌ಗೆ 900 ಬಂದರೆ ಒಂದು ದಿನದಲ್ಲಿ ಮುಗಿಯುತ್ತದೆ, ಸರಾಸರಿ ಅರ್ಧ ದಿನ, 150 ಪೀಸ್. ಅದೇ ಜನ, ಅದೇ ವಾರಕ್ಕೆರಡು ದಿನದ ಕೆಲಸ, ಆದರೆ ಬೆನ್ನು ಬೆನ್ನಿಗೆ ಅಲ್ಲ.

"ವಾಷಿಂಗ್‌ನವರು ಸಣ್ಣ ಲಾಟ್ ತಗೊಳ್ಳಲ್ಲ" ಅಂತ ನೀವು ಹೇಳುತ್ತೀರಿ, ಗೊತ್ತು. 900 ಪ್ಯಾಂಟು ಸಣ್ಣ ಲಾಟ್ ಅಲ್ಲ. ಒಂದು ಪ್ಯಾಂಟು ಅರ್ಧ ಕಿಲೋ ಅಂದರೂ 450 ಕಿಲೋ ಆಯಿತು. ಡ್ರಮ್‌ಗೆ ಹೇಗಿದ್ದರೂ ಹಲವು ಲೋಡ್ ಹಾಕಲೇಬೇಕು. ಒಂದೇ ಎಚ್ಚರಿಕೆ: ಲೋಡ್‌ನಿಂದ ಲೋಡ್‌ಗೆ ಶೇಡ್ ಬದಲಾಗುತ್ತದೆ. ಹಾಗಾಗಿ ಒಂದು ಆರ್ಡರ್‌ನ ಒಂದು ಶೇಡ್ ಅಷ್ಟೂ ಒಂದೇ ಟ್ರಿಪ್ಪಿಗೆ ಹೋಗುವ ಹಾಗೆ ಹೊಲಿಗೆಯ ಸರದಿ ಹಾಕಿ. ಅರ್ಧ ಬುಧವಾರ, ಅರ್ಧ ಶನಿವಾರ ಹೋದರೆ ಹೈದರಾಬಾದಿನಿಂದ ಫೋನ್ ಬರುತ್ತದೆ.

ಈಗ ಕೂಡಿಸಿ. 300, 600, 450, 600, 150. ಒಟ್ಟು 2,100 ಪೀಸ್. 300ರಿಂದ ಭಾಗಿಸಿದರೆ 7 ದಿನ. ಒಂದು ಮೆಷಿನ್ ಕೊಳ್ಳಲಿಲ್ಲ, ಒಬ್ಬ ಟೈಲರ್ ಸೇರಲಿಲ್ಲ, ಯಾರೂ ಜೋರಾಗಿ ಪೆಡಲ್ ಒತ್ತಲಿಲ್ಲ. ಆದರೆ ಏಳು ಸರಾಸರಿ, ಅದೂ ಕೆಲಸದ ದಿನಗಳ ಲೆಕ್ಕದಲ್ಲಿ. ವ್ಯಾಪಾರಿಗೆ ಮೊದಲ ತಿಂಗಳು ಹತ್ತು ದಿನ ಅಂತಲೇ ಹೇಳಿ. ಒಂಬತ್ತಕ್ಕೆ ಕೊಟ್ಟರೆ ಖುಷಿಪಡುತ್ತಾರೆ. ಎಂಟು ಅಂತ ಹೇಳಿ ಒಂಬತ್ತಕ್ಕೆ ಕೊಟ್ಟರೆ ಬೈಯುತ್ತಾರೆ.

ಇಳಿಸುವುದು ಹೇಗೆ? ಕಟಿಂಗ್ ಟೇಬಲ್ಲನ್ನು ಹೊಲಿಗೆಯ ಬಾಗಿಲಿಗೆ ಕಟ್ಟಿಹಾಕಿ. ಕಟಿಂಗ್ ಮತ್ತು ಹೊಲಿಗೆ ಸೇರಿ 900 ಪೀಸ್ ಅಂದರೆ 30 ಬಂಡಲ್. 30 ಟೋಕನ್ ಮಾಡಿಸಿ, ಪ್ಲಾಸ್ಟಿಕ್ಕಿನವು ಸಾಕು. ಪ್ರತಿ ಬಂಡಲಿಗೂ ಒಂದು ಟೋಕನ್. ಬಂಡಲ್ ಹೊಲಿಗೆ ಮುಗಿಸಿ ಹೊರಗೆ ಹೋದಾಗ ಟೋಕನ್ ಕಟಿಂಗ್ ಮಾಸ್ಟರ್ ಹತ್ತಿರ ವಾಪಸ್ ಬರಬೇಕು. ಟೋಕನ್ ಇಲ್ಲದೆ ಹೊಸ ಬಂಡಲ್ ಕಟ್ಟುವಂತಿಲ್ಲ. ಟೊಯೋಟಾ ಕಂಪನಿಯಲ್ಲಿ ತೈಚಿ ಓನೊ ಅವರು ಬೆಳೆಸಿದ ಕಾನ್‌ಬಾನ್ ಚೀಟಿಯ ಹಿಂದಿರುವುದೂ ಇದೇ ಯೋಚನೆ. ಬೇಕಾಗುವುದಕ್ಕಿಂತ ಮೊದಲೇ, ಬೇಕಾದ್ದಕ್ಕಿಂತ ಜಾಸ್ತಿ ಮಾಡುವುದನ್ನು ಅವರು ಎಲ್ಲಾ ವ್ಯರ್ಥಗಳಲ್ಲಿ ದೊಡ್ಡದು ಅಂತ ಎಣಿಸುತ್ತಿದ್ದರು.

ಈಗಿರುವ 2,700ರಿಂದ 900ಕ್ಕೆ ಬರಲು 1,800 ಪೀಸ್ ಕರಗಬೇಕು. ಅಂದರೆ ಆರು ದಿನ ಕಟಿಂಗ್ ಪೂರ್ತಿ ನಿಲ್ಲಬೇಕು, ಇಲ್ಲವೇ ಹನ್ನೆರಡು ದಿನ ಅರ್ಧ ವೇಗದಲ್ಲಿ ನಡೆಯಬೇಕು. ನಾನು ಎರಡನೆಯದನ್ನೇ ಹೇಳುತ್ತೇನೆ. ಕಟಿಂಗ್ ಮಾಡುವಾಗ ಮಾರ್ಕರ್ (ಪ್ಯಾಟರ್ನ್‌ಗಳನ್ನು ಒತ್ತೊತ್ತಾಗಿ ಜೋಡಿಸಿದ ನಕ್ಷೆ) ಉದ್ದ ಕಮ್ಮಿ ಮಾಡಬೇಡಿ, ಬಟ್ಟೆ ಹಾಳಾಗುತ್ತದೆ. ಪದರಗಳನ್ನು ಕಮ್ಮಿ ಹಾಸಿ. ಹೆಚ್ಚುವುದು ಕಟಿಂಗ್ ಮಾಸ್ಟರ್ ಶ್ರಮ, ಬಟ್ಟೆಯ ಖರ್ಚಲ್ಲ. ಅವರಿಗೆ ಹೇಗೂ ಈಗ ಸಮಯ ಇರುತ್ತದೆ.

ಇದರಲ್ಲಿ ನಿಜವಾಗಿ ಕಷ್ಟದ್ದು ಲೆಕ್ಕ ಅಲ್ಲ, ಟೈಲರ್‌ಗಳ ಮನಸ್ಸು. ಪೀಸ್ ರೇಟಿನಲ್ಲಿ ದುಡಿಯುವವರಿಗೆ ಪಕ್ಕದಲ್ಲಿ ಬಂಡಲ್ ರಾಶಿ ಇದ್ದರೆ ಧೈರ್ಯ. ಅದು ಕರಗಿದರೆ "ಇಲ್ಲಿ ಕೆಲಸ ಮುಗೀತು" ಅಂತ ಪಕ್ಕದ ಯೂನಿಟ್‌ಗೆ ಹೋಗುತ್ತಾರೆ. ಸುಲಭದ ಬಂಡಲ್‌ಗಳನ್ನು ಮೆಷಿನ್ ಕೆಳಗೆ ಬಚ್ಚಿಡುವುದೂ ಇದೇ ಭಯದಿಂದಲೇ. ಅವರನ್ನು ದೂರಬೇಡಿ. ಶುರು ಮಾಡುವ ಮೊದಲೇ ಎಲ್ಲರನ್ನೂ ಕೂರಿಸಿ ಹೇಳಿ. ಈ ಎರಡು ಮೂರು ವಾರ, ಹಿಂದಿನ ತಿಂಗಳ ಸರಾಸರಿ ಕೂಲಿಗಿಂತ ಕಮ್ಮಿ ಆಗುವುದಿಲ್ಲ ಅಂತ ಮಾತು ಕೊಡಿ, ಕೊಟ್ಟಂತೆ ನಡೆಯಿರಿ. ಈ ಮಾತು ಕೊಡಲು ಆಗದಿದ್ದರೆ ಟೋಕನ್‌ಗೆ ಕೈ ಹಾಕಬೇಡಿ, ಗಾಡಿ ಒಂದನ್ನೇ ಎರಡು ಸಲ ಮಾಡಿ.

ದುಡ್ಡಿನ ಲೆಕ್ಕ ಬೇಗ ಹೇಳಿಬಿಡುತ್ತೇನೆ. ನೆಲದಿಂದ 2,400 ಪೀಸ್ ಕಮ್ಮಿ. ಒಂದು ಅರ್ಧಂಬರ್ಧ ಪ್ಯಾಂಟಿನಲ್ಲಿ ಬಟ್ಟೆ, ದಾರ, ಕೂಲಿ ಸೇರಿ 300 ರೂಪಾಯಿ ಕೂತಿದೆ ಅಂದರೆ 7 ಲಕ್ಷದ 20 ಸಾವಿರ. ಅದು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಕೈಸಾಲವಾದರೆ ತಿಂಗಳಿಗೆ 14,400 ಬಡ್ಡಿ. 300ರ ಜಾಗದಲ್ಲಿ ನಿಮ್ಮ ನಿಜವಾದ ಸಂಖ್ಯೆ ಹಾಕಿಕೊಳ್ಳಿ.

ಬಡ್ಡಿಗಿಂತ ದೊಡ್ಡ ವಿಷಯ ಇನ್ನೊಂದಿದೆ, ಅದನ್ನು ಯಾರೂ ಮಾಲಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಡೆನಿಮ್ ತೊಳೆದಾಗ ಕುಗ್ಗುತ್ತದೆ. ಎಷ್ಟು ಕುಗ್ಗಿತು, ಸೊಂಟದ ಅಳತೆ ಸರಿ ಬಂತಾ ಅಂತ ಗೊತ್ತಾಗುವುದು ವಾಷಿಂಗ್‌ನಿಂದ ವಾಪಸ್ ಬಂದು ಫಿನಿಶಿಂಗ್‌ನಲ್ಲಿ ಟೇಪ್ ಹಿಡಿದಾಗ. ಪ್ಯಾಟರ್ನಿನಲ್ಲಿ ಅರ್ಧ ಇಂಚು ತಪ್ಪಿದೆ ಅಂದುಕೊಳ್ಳಿ. ಅದು ಕಣ್ಣಿಗೆ ಬೀಳುವ ಹೊತ್ತಿಗೆ ಈಗಿನ ಪದ್ಧತಿಯಲ್ಲಿ ಹಿಂದೆ 4,200 ಪೀಸ್ ಇರುತ್ತವೆ. ಎಲ್ಲಕ್ಕೂ ಕತ್ತರಿ ಬಿದ್ದಾಗಿದೆ. ಹೊಸ ಪದ್ಧತಿಯಲ್ಲಿ 1,950. ಇದೂ ಕಮ್ಮಿಯೇನಲ್ಲ, ಅದಕ್ಕೆ ಹೊಸ ರೋಲ್ ಬಂದಾಗ ಮೊದಲು ಐದಾರು ಪ್ಯಾಂಟು ಹೊಲಿದು ತೊಳೆಸಿ ನೋಡುವ ಅಭ್ಯಾಸ ಬಿಡಬೇಡಿ. ಆದರೂ ಕೆಟ್ಟ ಸುದ್ದಿ ಏಳೂವರೆ ದಿನ ಬೇಗ ಬಂದರೆ ಉಳಿಯುವುದು ಬರೀ ಬಡ್ಡಿ ಅಲ್ಲ.

ಈ ಮಾತುಗಳನ್ನೆಲ್ಲಾ ಬಟ್ಟೆ ರೋಲ್‌ಗೆ ಹಚ್ಚಬೇಡಿ. ಅದು ಬೇರೆ. ಡೆನಿಮ್ ದೂರದಿಂದ ಬರುತ್ತದೆ, ಲಾರಿ ತಡವಾದರೆ ಇಡೀ ಯೂನಿಟ್ ನಿಲ್ಲುತ್ತದೆ. ರೋಲ್ ಸ್ವಲ್ಪ ಜಾಸ್ತಿ ಇದ್ದರೆ ತೊಂದರೆ ಇಲ್ಲ. ರೋಲ್ ಆಗಿದ್ದಾಗ ಅದು ಯಾವ ಸೈಜಿಗೂ, ಯಾವ ಆರ್ಡರ್‌ಗೂ ಆಗುತ್ತದೆ. ಕತ್ತರಿ ಬಿದ್ದ ಮೇಲೆ ಅದು 32ರ ಸೊಂಟದ, ಸ್ಲಿಮ್ ಫಿಟ್‌ನ, ಒಬ್ಬ ವ್ಯಾಪಾರಿಯ ಮಾಲು ಅಷ್ಟೇ. ಗಂಗಾವತಿಯ ರೈಸ್ ಮಿಲ್ಲಿನವರು ಸುಗ್ಗಿಯಲ್ಲಿ ಗೋದಾಮು ತುಂಬ ಭತ್ತ ಇಡುವುದೂ ಹೀಗೆಯೇ. ಬೆಳೆ ಬರುವುದು ಒಮ್ಮೆಲೇ, ಮಿಲ್ಲು ಓಡಬೇಕಾದದ್ದು ತಿಂಗಳುಗಟ್ಟಲೆ. ರೆಡಿ ಮಾಲಿನದು ಮತ್ತೊಂದು ಕಥೆ. ಯಾವಾಗಲೂ ಖಾಲಿಯಾಗುವ ಒಂದೆರಡು ಮಾಡೆಲ್ ಪ್ಯಾಕ್ ಮಾಡಿ ಇಟ್ಟಿದ್ದರೆ ವ್ಯಾಪಾರಿಗೆ ಅವತ್ತೇ ಕೊಡಬಹುದು. ದೀಪಾವಳಿ, ರಂಜಾನ್ ಮುಂಚೆ ಇದು ಬೇಕೇ ಬೇಕು. ನಾನು ಬೈಯುತ್ತಿರುವುದು ನಡುವೆ ಸಿಕ್ಕಿಕೊಂಡ ಮಾಲನ್ನು ಮಾತ್ರ. ಅತ್ತ ರೋಲೂ ಅಲ್ಲ, ಇತ್ತ ಪ್ಯಾಂಟೂ ಅಲ್ಲ.

ಕೊನೆಗೆ ಬೆಲ್ಟ್ ಮೆಷಿನ್. ಈಗಲೇ ಬೇಡ. ಈಗ ನೆಲದ ಮೇಲೆ ಎಲ್ಲೆಡೆ ರಾಶಿ ಇದೆ. ಯಾವ ಮೆಷಿನ್ ಮುಂದಿನ ರಾಶಿ ನಿಜವಾದದ್ದು, ಯಾವುದು ಸುಮ್ನೆ ಬಿದ್ದದ್ದು ಅಂತ ತಿಳಿಯುವುದಿಲ್ಲ. ಟೋಕನ್ ಪದ್ಧತಿ ಒಂದು ತಿಂಗಳು ನಡೆದ ಮೇಲೆ ನೋಡಿ. 30 ಬಂಡಲ್‌ಗಳಲ್ಲಿ ಹತ್ತು ಹನ್ನೆರಡು ದಿನಾ ಬೆಲ್ಟ್ ಮೆಷಿನ್ ಮುಂದೆಯೇ ಕೂತಿದ್ದರೆ ನಿಮ್ಮ ಅನುಮಾನ ಸರಿ. ಆ ರಾಶಿ ಕಾಲಿನ ಉದ್ದದ ಜೋಡಣೆ ಹೊಲಿಯುವ ಫೀಡ್ ಆಫ್ ದಿ ಆರ್ಮ್ ಮೆಷಿನ್ ಮುಂದೆ ಇದ್ದರೆ, ಬೆಲ್ಟ್ ಮೆಷಿನ್‌ಗೆ ಹಾಕುವ ದುಡ್ಡು ನೀರಿಗೆ ಹಾಕಿದಂತೆ.

ಬೆಲ್ಟ್ ಮೆಷಿನ್ನೇ ಅಂತಾದರೆ, ಅದು ದಿನದ ಎಷ್ಟು ಹೊತ್ತು ಓಡುತ್ತದೆ ಅಂತ ಎಣಿಸಿ. ತುಂಬಿದಷ್ಟೂ ಅದರ ಮುಂದಿನ ಸರದಿ ಹಂತ ಹಂತವಾಗಿ ಅಲ್ಲ, ಒಮ್ಮೆಲೇ ಏರುತ್ತದೆ. ಇಂಗ್ಲೆಂಡಿನ ಗಣಿತಜ್ಞ ಜಾನ್ ಕಿಂಗ್‌ಮನ್ ಇದರ ಸೂತ್ರ ಕೊಟ್ಟಿದ್ದೂ 1961ರಲ್ಲೇ. ನೂರಕ್ಕೆ 80ರಷ್ಟು ಹೊತ್ತು ತುಂಬಿದ್ದಾಗ ಕಾಯುವ ಸಮಯ 4 ಪಾಲು ಅಂದುಕೊಂಡರೆ, 90ರಲ್ಲಿ 9 ಪಾಲು, 95ರಲ್ಲಿ 19 ಪಾಲು. ಎಂಬತ್ತರಿಂದ ತೊಂಬತ್ತೈದಕ್ಕೆ ಏರಿಸಿದಾಗ ಸಿಗುವ ಉತ್ಪಾದನೆ ಐದನೇ ಒಂದು ಪಾಲಿಗಿಂತ ಕಮ್ಮಿ, ಕಾಯುವುದು ಮಾತ್ರ ಐದು ಪಟ್ಟಿಗೆ ಹತ್ತಿರ. ನಿಮ್ಮ ಬೆಲ್ಟ್ ಮೆಷಿನ್ 90 ದಾಟಿ ಓಡುತ್ತಿದ್ದರೆ ಎರಡನೆಯದನ್ನು ತಗೊಳ್ಳಿ, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಅದು ದಿನದಲ್ಲಿ ಅರ್ಧ ಹೊತ್ತು ಖಾಲಿ ನಿಂತರೆ ಬೇಜಾರು ಮಾಡಿಕೊಳ್ಳಬೇಡಿ. ಆಗ ದಿನಕ್ಕೆ 360 ಪೀಸ್ ಬಂದು, ಒಳಗಿನ ಮಾಲು 2,100 ದಾಟದಂತೆ ನೋಡಿಕೊಂಡರೆ, ಸರಾಸರಿ ಆರು ದಿನದೊಳಗೆ ಇಳಿಯುತ್ತದೆ. ಆದರೆ ಆ ಹೆಚ್ಚಿನ 60 ಪೀಸಿಗೆ ಆರ್ಡರ್ ಇದೆಯಾ ಅಂತ ಹೈದರಾಬಾದಿಗೆ ಮೊದಲು ಒಂದು ಫೋನ್ ಮಾಡಿ.